ಕಸಬರಿಗೆಯ ಪಾಳಿ

ಪರದೇಶದಲ್ಲಿ ಇದ್ದು ಬಂದವನನ್ನು ಹಳೇ ಹುಬ್ಬಳ್ಳಿಯ ಕಟ್ಟೆಯ ಮೇಲೆ ಕೂಡಿಸಿಕೊಂಡು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಗೊತ್ತಾದವೇ: ಅಲ್ಲಿ ಚಳಿ ಎಷ್ಟು, ಪಗಾರ ಎಷ್ಟು, ಜೋಳದ ಹಿಟ್ಟು ಸಿಗುತ್ತದೆಯೋ ಇಲ್ಲವೋ. ಚಳಿಗೆ ಕೋಟು ಉಂಟು. ಹಿಟ್ಟನ್ನು ಪೆಟ್ಟಿಗೆಯಲ್ಲಿ ಒಯ್ಯಬಹುದು. ಮನುಷ್ಯನನ್ನು ನಿಜವಾಗಿ ತಬ್ಬಿಬ್ಬುಗೊಳಿಸುವವು ತೀರ ಅಲ್ಪ ಸಂಗತಿಗಳು. ಎದುರಿಗೆ ಬಂದವರಿಗೆ ಏನೆನ್ನಬೇಕು, ಬಡಿಸಲು ಬಂದವರಿಗೆ ಎಷ್ಟು ಸಲ ಬೇಡವೆನ್ನಬೇಕು, ಮೆಟ್ಟಿಲನ್ನು ಯಾವ ದಿನ ಗುಡಿಸಬೇಕು—ಇವುಗಳಿಗೆ ಯಾವ ಪೆಟ್ಟಿಗೆಯಲ್ಲಿಯೂ ಪರಿಹಾರವಿಲ್ಲ.

ನಾವು ಗಂಡಹೆಂಡಿರು ಮೂರು ವರ್ಷ ವಾಸವಾಗಿದ್ದುದು ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ. ನೆಕ್ಕರ್ ನದಿಯ ದಂಡೆಯ ಮೇಲಿನ ಈ ಊರಿನ ವಿಶ್ವವಿದ್ಯಾಲಯ 1477ರಷ್ಟು ಹಳೆಯದು. ಕನ್ನಡಿಗರಿಗೆ ಈ ಊರಿನೊಡನೆ ಬೇರೊಂದು ನಂಟೂ ಉಂಟು. 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ನಮ್ಮ ನಾಡಿಗೆ ಬಂದು, 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನೆಂಡ್ ಕಿಟ್ಟೆಲ್ಲರು 1903ರಲ್ಲಿ ಕಣ್ಣು ಮುಚ್ಚಿದ್ದು ಇಲ್ಲಿಯೇ. ಧಾರವಾಡದ ಸೀಮೆಯಲ್ಲಿ ಅಡ್ಡಾಡುತ್ತ, ನಮ್ಮ ಮಾತುಗಳನ್ನೂ ಗಾದೆಗಳನ್ನೂ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ಆ ಪುಣ್ಯಾತ್ಮರಿಗೆ ನಾವು ಎಷ್ಟು ಸೋಜಿಗವಾಗಿ ಕಂಡಿರಬೇಕೋ! ಅವರ ಊರಿನಲ್ಲಿ ಕುಳಿತು ಅವರ ಜನರನ್ನು ನೋಡಿ ಸೋಜಿಗಪಡುವ ಸರದಿ ಈಗ ನಮ್ಮದಾಗಿತ್ತು.

ಮೊದಲನೆಯ ಸೋಜಿಗ ಊಟದ್ದು. ಮಧ್ಯಾಹ್ನದ ವೇಳೆಗೆ ಕಚೇರಿಯ ಮೊಗಸಾಲೆಯಲ್ಲಿ ಎದುರಾದವರೆಲ್ಲ "ಮಾಲ್‌ಟ್ಸೈಟ್" ಎನ್ನುತ್ತಿದ್ದರು. ಅದರ ನೇರವಾದ ಅರ್ಥ "ಊಟದ ಹೊತ್ತು" ಎಂದು. ನಮ್ಮ ಓಣಿಯಲ್ಲಿ "ಊಟಾತೇನ್ರೀ?" ಎನ್ನುವುದಿಲ್ಲವೇ, ಹಾಗೆಯೇ. ನಮ್ಮದು ಪ್ರಶ್ನೆ, ಅವರದು ಪ್ರಕಟಣೆ. ಎರಡನ್ನು ನಂಬಿಯೂ ಎಲೆಯ ಮುಂದೆ ಕೂಡಲಾಗದು.

ಎರಡನೆಯದು ಇನ್ನೂ ತೊಡಕಿನದು. "ಡಾಂಕೆ" ಎಂದರೆ ಉಪಕಾರವಾಯಿತು ಎಂದು ಪುಸ್ತಕ ಹೇಳುತ್ತದೆ. ಆದರೆ ಯಾರಾದರೂ ಕೇಕಿನ ತಟ್ಟೆಯನ್ನು ಮುಂದೆ ಹಿಡಿದಾಗ ಬರಿಯ "ಡಾಂಕೆ" ಎಂದರೆ "ಒಲ್ಲೆ" ಎಂದೇ ಅರ್ಥ. ತಟ್ಟೆ ಹಾಗೆಯೇ ಮುಂದೆ ಸಾಗುತ್ತದೆ. ಬೇಕಾದವರು "ಬಿಟ್ಟೆ" ಎನ್ನಬೇಕು! ಬೇಕಾದುದನ್ನು ಪಡೆಯಲು "ಬಿಟ್ಟೆ" ಎನ್ನಬೇಕಾದ ಈ ಭಾಷೆ ನಮ್ಮ ವೇದಾಂತಿಗಳಿಗೆ ಹಿಡಿಸೀತು, ಹಸಿದವರಿಗಲ್ಲ ಎಂದು ನಮ್ಮಾಕೆ ಹೇಳುತ್ತಿದ್ದಳು. ನಮ್ಮ ಕಡೆ ಮೊದಲನೆಯ "ಬ್ಯಾಡ್ರಿ" ಮರ್ಯಾದೆಗೆ, ಎರಡನೆಯದು ಮಾತಿಗೆ. ಮೂರನೆಯದರ ಹೊತ್ತಿಗೆ ಹೋಳಿಗೆ ತಾಟಿನಲ್ಲಿ ಬಿದ್ದಿರುತ್ತದೆ. ಅಲ್ಲಿ ಒಮ್ಮೆ ಬೇಡವೆಂದರೆ ಬೇಡವೇ. ಮನುಷ್ಯನ ಮಾತನ್ನು ಅಷ್ಟು ನಿಜವೆಂದು ನಂಬುವ ಜನರ ನಡುವೆ ಬದುಕುವುದು ಸುಲಭವಲ್ಲ.

ಆದಿತ್ಯವಾರದ ಮೌನವಂತೂ ಅವರ ರಾಜ್ಯಘಟನೆಯಲ್ಲಿಯೇ ಸೇರಿಹೋಗಿದೆ. ಅಂದು ಹೆಚ್ಚುಕಡಿಮೆ ಎಲ್ಲ ಅಂಗಡಿಗಳೂ ಮುಚ್ಚಿರುತ್ತವೆ. ಗೋಡೆಗೆ ಮೊಳೆ ಹೊಡೆಯಬಾರದು, ಹುಲ್ಲು ಕತ್ತರಿಸುವ ಯಂತ್ರ ನಡೆಸಬಾರದು. ಬಿಳಿ, ಕಂದು, ಹಸಿರು ಎಂದು ವಿಂಗಡಿಸಿ ಡಬ್ಬಿಗೆ ಹಾಕುವ ಗಾಜಿನ ಸೀಸೆಗಳನ್ನು ಸಹ ಅಂದು ಹಾಕಬಾರದು, ಸಪ್ಪಳವಾಗುತ್ತದೆ. ಸಿದ್ಧಾರೂಢರ ಮಠದ ಜಾತ್ರೆಯ ಗದ್ದಲದಲ್ಲಿ ಬೆಳೆದ ನಮಗೆ ಮೊದಮೊದಲು ಆ ನಿಶ್ಶಬ್ದದಲ್ಲಿ ನಿದ್ದೆಯೇ ಬರುತ್ತಿರಲಿಲ್ಲ.

ಇವೆಲ್ಲವನ್ನೂ ಮೀರಿಸಿದ್ದು ಕಸಬರಿಗೆಯ ಸಂಗತಿ. ಟ್ಯೂಬಿಂಗೆನ್ ಇರುವ ಶ್ವಾಬೆನ್ ಸೀಮೆಯಲ್ಲಿ "ಕೇರ್‌ವೋಖೆ" ಎಂಬ ವ್ರತವೊಂದುಂಟು. ಹಾಗೆಂದರೆ ಗುಡಿಸುವ ವಾರ. ಒಂದೇ ಕಟ್ಟಡದಲ್ಲಿರುವ ಬಾಡಿಗೆದಾರರು ವಾರಕ್ಕೊಬ್ಬರಂತೆ ಪಾಳಿಯ ಮೇಲೆ ಮೆಟ್ಟಿಲು, ನೆಲಮಾಳಿಗೆ, ಮನೆಯ ಮುಂದಿನ ಕಾಲುದಾರಿಗಳನ್ನು ಗುಡಿಸಿ ಒರೆಸಬೇಕು. ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಚಿಕ್ಕ ಹಲಗೆ ತೂಗುತ್ತಿರುತ್ತದೆ. ವಾರ ಮುಗಿದೊಡನೆ ಅದು ಪಕ್ಕದ ಬಾಗಿಲಿಗೆ ಹೋಗುತ್ತದೆ. ಬೀದಿಯ ಹೊಲಸಿಗೆ ಬೇಸತ್ತ ಹಳೆಯ ಕಾಲದ ದೊರೆಗಳ ಕಟ್ಟಳೆಗಳಿಂದ ಹುಟ್ಟಿದ ರೂಢಿಯಿದು. ನೆರೆಯ ಸ್ಟುಟ್‌ಗಾರ್ಟ್ ನಗರಸಭೆ ಈ ಬಗೆಗಿನ ತನ್ನ ಕಾನೂನನ್ನು 1988ರಲ್ಲಿ ತೆಗೆದುಹಾಕಿತು. ಆದರೂ ಬಾಡಿಗೆಯ ಕರಾರುಪತ್ರಗಳಲ್ಲಿ ಆ ಹಲಗೆ ಇಂದಿಗೂ ತೂಗಾಡುತ್ತಲೇ ಇದೆ.

ನಳದ ನೀರಿಗೆ ಪಾಳಿ ಹಚ್ಚಿದ ನಮಗೆ ಕಸಬರಿಗೆಗೂ ಪಾಳಿ ಹಚ್ಚುವುದು ಕಷ್ಟವಾಗಲಿಲ್ಲ. ಆದರೆ ನಮ್ಮಾಕೆ ದೀಪ ಹಚ್ಚಿದ ಮೇಲೆ ಕಸಬರಿಗೆ ಮುಟ್ಟುವವಳಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳೆ. ಚಳಿಗಾಲದಲ್ಲಿ ಅಲ್ಲಿ ಸಂಜೆ ಐದಕ್ಕೆ ಮೊದಲೇ ಕತ್ತಲೆ. ಹೀಗಾಗಿ ಶ್ವಾಬೆನ್ನಿನ ಕಟ್ಟಳೆಗೂ ಹುಬ್ಬಳ್ಳಿಯ ಲಕ್ಷ್ಮಿಗೂ ನಡುವೆ ನಮ್ಮ ಶನಿವಾರ ಓಡೋಡುತ್ತ ಕಳೆಯುತ್ತಿತ್ತು.

ನಮ್ಮ ಕೆಳಗಿನ ಅಂತಸ್ತಿನಲ್ಲಿ ಎಂಬತ್ತು ದಾಟಿದ ಒಂಟಿ ಮುದುಕಿ. ಮೇಲಿನ ಅಂತಸ್ತಿನಲ್ಲಿ ನಡುವಯಸ್ಸಿನ ಗೃಹಸ್ಥ. ಎರಡು ವರ್ಷಗಳಲ್ಲಿ ಆತ "ಗ್ರ್ಯೂಸ್ ಗೋಟ್" ಎಂಬ ನಮಸ್ಕಾರವನ್ನು ಬಿಟ್ಟು ಇನ್ನೊಂದು ಮಾತಾಡಿದವನಲ್ಲ. ಇವರು ಮನುಷ್ಯರೋ ಗಡಿಯಾರಗಳೋ ಎಂದು ನಾವು ನಗುತ್ತಿದ್ದುದುಂಟು. ಒಂದು ಆದಿತ್ಯವಾರ ಬೆಳಿಗ್ಗೆ ಆತ ನಮ್ಮ ಗಂಟೆ ಬಾರಿಸಿದ. "ಮೆಟ್ಟಿಲು ಗುಡಿಸಿಲ್ಲ" ಎಂದ.

ನಮ್ಮಾಕೆ ಕನ್ನಡದಲ್ಲಿ ನನ್ನ ಕಿವಿಯಲ್ಲಿ, "ಇವತ್ತು ಗುಡಿಸಿದರೂ ತಪ್ಪು, ಗುಡಿಸದಿದ್ದರೂ ತಪ್ಪೇನ್ರಿ? ಅಲ್ಲದ ಈ ವಾರ ನಮ್ಮ ಪಾಳೀನ ಅಲ್ಲ" ಎಂದಳು.

ಆತ ದೂರು ಹೇಳಲು ಬಂದಿರಲಿಲ್ಲ. ಹಲಗೆ ಇದ್ದುದು ಮುದುಕಿಯ ಬಾಗಿಲಿಗೆ. ಪ್ರತಿ ಪಾಳಿಯ ಶನಿವಾರ ಹತ್ತು ಗಂಟೆಗೆ ಆಕೆಯ ಕಸಬರಿಗೆಯ ಸಪ್ಪಳ ಕೇಳುವುದು ಒಮ್ಮೆಯೂ ತಪ್ಪಿರಲಿಲ್ಲ; ನಿನ್ನೆ ಕೇಳಿರಲಿಲ್ಲ. ಮೂವರೂ ಇಳಿದು ಹೋಗಿ ಬಾಗಿಲು ಬಡಿದೆವು. ಒಳಗಿನಿಂದ ಉತ್ತರವಿಲ್ಲ. ಆತ 112ಕ್ಕೆ ಕರೆಮಾಡಿದ. ಅಗ್ನಿಶಾಮಕ ದಳದವರು ಬಂದು ಬಾಗಿಲು ತೆರೆದರು. ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಎಲುಬು ಮುರಿದುಕೊಂಡು, ಹಿಂದಿನ ದಿನ ಬೆಳಗಿನಿಂದ ಆಕೆ ಅಲ್ಲಿಯೇ ಇದ್ದಳು. ಜೀವವಿತ್ತು.

ಎಂಟು ದಿನಗಳ ಮೇಲೆ ನಾವು ಆಸ್ಪತ್ರೆಗೆ ಹೋದಾಗ ಆಕೆ ಕೇಳಿದ ಮೊದಲ ಪ್ರಶ್ನೆ: "ನನ್ನ ವಾರವನ್ನು ಯಾರು ಗುಡಿಸಿದರು?" ಮೇಲಿನ ಮನೆಯಾತ, ಸೋಮವಾರ ಬೆಳಿಗ್ಗೆ, ಯಾರಿಗೂ ಹೇಳದೆ ಗುಡಿಸಿದ್ದ. ಗುಡಿಸಿ ಮುಗಿಸಿದ ಮೇಲೆ ಹಲಗೆಯನ್ನು ತಂದು ನಮ್ಮ ಬಾಗಿಲಿಗೆ ತೂಗುಹಾಕಿ ಹೋಗಿದ್ದನೆಂಬುದೂ ಅಷ್ಟೇ ನಿಜ. ದಯೆ ದಯೆಯ ಕಡೆಗೆ, ಪಾಳಿ ಪಾಳಿಯ ಕಡೆಗೆ!

ಅಂದಿನಿಂದ ಆ ಹಲಗೆಯನ್ನು ಕಂಡು ನಗುವುದು ನಮಗೆ ಸಾಧ್ಯವಾಗಲಿಲ್ಲ. ನಮ್ಮ ಓಣಿಯಲ್ಲಿ ಇದೇ ಕೆಲಸವನ್ನು ರಂಗೋಲಿ ಮಾಡುತ್ತಿತ್ತು. ಸೂರ್ಯ ಏರಿದರೂ ಯಾವ ಬಾಗಿಲ ಮುಂದೆ ಕಸ ಹೊಡೆದು ನೀರು ಚಿಮುಕಿಸಿಲ್ಲವೋ, ಎಳೆ ಬಿದ್ದಿಲ್ಲವೋ, ಆ ಮನೆಯ ಕದವನ್ನು ನೆರೆಯವರು ಕೇಳದೆಯೇ ತಟ್ಟುತ್ತಿದ್ದರು: "ಯಾಕವ್ವಾ, ಮೈಯಾಗ ಹುಷಾರಿಲ್ಲೇನು?" ನಾವು ಮಾತನಾಡಿ ಕಾಯುತ್ತೇವೆ, ಅವರು ಮಾತನಾಡದೆ ಕಾಯುತ್ತಾರೆ, ಕಾವಲು ಎರಡೂ ಕಡೆ ಇದೆ.

ಇದೆ ಎಂದೆನಲ್ಲ, ಅಲ್ಲಿಯೇ ನನಗೊಂದು ಅಳುಕು. ಈಗ ನಮ್ಮ ಓಣಿಯ ಎಷ್ಟೋ ಮನೆಗಳಲ್ಲಿ ವಯಸ್ಸಾದವರು ಇಬ್ಬರೇ, ಇಲ್ಲವೇ ಒಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ, ಪುಣೆಯಲ್ಲಿ, ಇನ್ನೂ ಆಚೆ ಜರ್ಮನಿಯಲ್ಲಿ. ಬಾಗಿಲ ಮುಂದೆ ರಂಗೋಲಿಯೇನೋ ಇದೆ. ಪ್ಲಾಸ್ಟಿಕ್ಕಿನದು, ಹೊಸ್ತಿಲಿಗೆ ಅಂಟಿಸಿದ್ದು. ಅದು ದೀಪಾವಳಿಯಂದೂ ಇರುತ್ತದೆ, ಮನೆಯವರು ಜ್ವರದಲ್ಲಿ ಮಲಗಿದಂದೂ ಇರುತ್ತದೆ. ಯಾರ ಸುದ್ದಿಯನ್ನೂ ಹೇಳುವುದಿಲ್ಲ.

ನಮ್ಮ ಎದುರುಮನೆಯ ಅಜ್ಜಿ ಮಾತ್ರ ಇನ್ನೂ ಬಗ್ಗಿ ಕೈಯಿಂದಲೇ ನಾಲ್ಕು ಎಳೆ ಎಳೆಯುತ್ತಾಳೆ. ಗೆರೆ ಈಗೀಗ ಸೊಟ್ಟಗೆ ಬರುತ್ತದೆ. ನಮ್ಮಾಕೆ ಬೆಳಿಗ್ಗೆ ಎದ್ದು ಕಿಟಕಿ ತೆರೆದವಳು ಮೊದಲು ಆ ಹೊಸ್ತಿಲನ್ನು ನೋಡುತ್ತಾಳೆ. ಆಮೇಲೆ ಚಹಾಕ್ಕೆ ಇಡುತ್ತಾಳೆ.