ಗಂಡಸರು ಟೋಪಿ ಹೆಣೆಯುವ ದ್ವೀಪ

ಪೆರು ದೇಶದ ಟಿಟಿಕಾಕಾ ಸರೋವರವು ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿದೆ. ಅದರೊಳಗಿನ ಪುಟ್ಟ ದ್ವೀಪ ಟಕೀಲೆ. ದೋಣಿಯಿಂದಿಳಿದು, ನೂರಾರು ಕಲ್ಲುಮೆಟ್ಟಿಲುಗಳನ್ನೇರಿ, ಏದುಸಿರಿನೊಡನೆ ಊರು ಸೇರಿದ ಪ್ರವಾಸಿಗೆ ಅಲ್ಲೊಂದು ಸೋಜಿಗ ಕಾದಿರುತ್ತದೆ: ಉಣ್ಣೆಯನ್ನು ಹೆಣೆಯುತ್ತಲೇ ದಾರಿ ನಡೆಯುವ ಗಂಡಸರು!

ಹೆಣಿಗೆಯು ಹೆಂಗಸರ ಬಿಡುವಿನ ಕೆಲಸವೆಂಬ ಮಾತು ಇಲ್ಲಿ ಸಲ್ಲದು. ಸ್ತ್ರೀಯರು ನೂಲು ತೆಗೆದು ಮಗ್ಗದಲ್ಲಿ ನಡುಪಟ್ಟಿ ನೇಯುತ್ತಾರೆ. ಕಡ್ಡಿ ಹಿಡಿದು ಟೋಪಿ ಹೆಣೆಯುವುದು ಪುರುಷರ ಪಾಲು. ಹುಡುಗರು ಎಳವೆಯಲ್ಲಿಯೇ ಇದನ್ನು ಕಲಿಯುತ್ತಾರೆ. ಪೂರ್ತಿ ಕೆಂಪು ಟೋಪಿ ವಿವಾಹಿತನದು. ತುದಿ ಬಿಳಿಯಾಗಿದ್ದರೆ ಅವನು ಅವಿವಾಹಿತ. ವರನು ಹೆಣೆದ ಟೋಪಿಯಲ್ಲಿ ನೀರು ತುಂಬಿ, ಅದು ಸೋರುವುದೋ ಇಲ್ಲವೋ ಎಂದು ಮಾವನಾಗುವವನು ಪರೀಕ್ಷಿಸುತ್ತಿದ್ದನಂತೆ!

ಕುಣಿಕೆ ಎಣಿಸುವವನ ಮನಸ್ಸು ಅತ್ತಿತ್ತ ಹರಿಯುವಂತಿಲ್ಲ; ಒಂದು ತಪ್ಪಿದರೆ ಬಿಚ್ಚಿ ಮತ್ತೆ ಹೆಣೆಯಬೇಕು. ಕೈ ಪಳಗಿತೆಂದರೆ ಬೆರಳುಗಳು ಚುರುಕಾಗುತ್ತವೆ, ಒಂದೇ ಲಯದ ಚಲನೆಯಿಂದ ಉಸಿರು ನಿಧಾನವಾಗುತ್ತದೆ, ಚಿತ್ತ ತಿಳಿಯಾಗುತ್ತದೆ. ನೆರೆಯವನೊಡನೆ ಮಾತಿಗೂ ಅಡ್ಡಿಯಿಲ್ಲ. ವ್ಯಾಯಾಮ, ಏಕಾಗ್ರತೆ, ಸಂಗ—ಮೂರೂ ಒಂದೇ ಉಂಡೆ ನೂಲಿನಲ್ಲಿ!

ಟಕೀಲೆಯ ಈ ಕಲೆಯನ್ನು ಯುನೆಸ್ಕೋ 2005ರಲ್ಲಿ ಮಾನವಕುಲದ ಪರಂಪರೆಯೆಂದು ಘೋಷಿಸಿತು. ಪ್ರವಾಸಿಗರ ಬೇಡಿಕೆ ಅದಕ್ಕೆ ಆಸರೆಯೂ ಹೌದು, ಆತಂಕವೂ ಹೌದು; ಬೇಡಿಕೆ ಹೆಚ್ಚಿದಂತೆ ನೂಲು ಬದಲಾಗಿದೆ, ಹೆಣೆಯುವ ಬಗೆಯೂ ಬದಲಾಗಿದೆ. ಸಂತೆಗಾಗಿ ಅವಸರದಲ್ಲಿ ಹೆಣೆದ ಟೋಪಿ ಕೊಂಡವನ ತಲೆಯನ್ನು ಬೆಚ್ಚಗಿಟ್ಟೀತು. ಹೆಣೆದವನಿಗೆ ಮಾತ್ರ ಹಿಂದಿನ ನೆಮ್ಮದಿಯನ್ನು ಅದು ಕೊಡಲಾರದು.