ಅಳಿಸಬೇಡಿ ಮಾರಾಯ್ರೇ

ಎಂಜಿನ್ ಲೈಟ್ ಹೊತ್ತಿಕೊಂಡರೆ ನಮ್ಮ ಜನ ಮೊದಲು ಗಾಬರಿಯಾಗುತ್ತಾರೆ, ಆಮೇಲೆ ಎಲ್ಲಿಗಾದರೂ ಹೋಗಿ ಅದನ್ನು ಆರಿಸಿಕೊಂಡು ಬರುತ್ತಾರೆ. ಎಲ್ಲ ಮುಗಿದ ಮೇಲೆ ಲೈಟಿಲ್ಲದ, ದೋಷದ ಕೋಡಿಲ್ಲದ, ಸಾಕ್ಷಿಯಿಲ್ಲದ ಕಾರನ್ನು ನನ್ನ ಮನೆ ಮುಂದೆ ತಂದು ನಿಲ್ಲಿಸಿ, ‘ಸ್ವಲ್ಪ ನೋಡು, ಏರಿನಲ್ಲಿ ಎಳೆಯೋದೇ ಇಲ್ಲ’ ಅನ್ನುತ್ತಾರೆ.

ಮೊನ್ನೆ ನನ್ನ ಷಡ್ಡಕರೂ ಹಾಗೇ ಬಂದರು. ಅವರದು 1.3 ಲೀಟರಿನ ಹಳೇ ಡೀಸೆಲ್ ಕಾರು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಹಳದಿ ಎಂಜಿನ್ ಚಿತ್ರ ಹೊತ್ತಿತಂತೆ, ಕಾರು ಸೊರಗಿತಂತೆ, ಲಾರಿಗಳ ಹಿಂದೆ ತೆವಳಿಕೊಂಡು ಸಕಲೇಶಪುರ ಮುಟ್ಟಿದರಂತೆ. ‘ದಾರೀಲಿ ಎಲ್ಲಾದರೂ ತೋರಿಸಿದಿರಾ?’ ಎಂದು ಕೇಳಿದೆ. ‘ಛೆ ಛೆ, ಸೀದಾ ಹಾಸನಕ್ಕೆ, ನಿಮ್ಮ ಹತ್ರಾನೇ ಬಂದದ್ದು.’ ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ನನ್ನ ಬ್ಲೂಟೂತ್ ಡಬ್ಬಿ ಸಿಕ್ಕಿಸಿದೆ. ಒಂದು ಕೋಡೂ ಇಲ್ಲ. ಆದರೆ ಎಂಜಿನ್ ನಡೆಸುವ ಇಸಿಯು ಎಂಬ ಈ ಕಂಪ್ಯೂಟರುಗಳಿಗೆ ಇನ್ನೊಂದು ಅಭ್ಯಾಸ ಉಂಟು. ಕೋಡ್ ಅಳಿಸಿದ ಮೇಲೆ ಕಾರು ಎಷ್ಟು ದೂರ ಓಡಿದೆ ಅನ್ನುವುದನ್ನು ಅವು ಬರೆದಿಟ್ಟುಕೊಳ್ಳುತ್ತವೆ, ಕೇಳಿದರೆ ಹೇಳುತ್ತವೆ. ಕೇಳಿದೆ. 11 ಕಿಲೋಮೀಟರ್ ಅಂತು. ನಮ್ಮ ಮನೆಯಿಂದ ಹಿಂದಕ್ಕೆ ಹನ್ನೊಂದು ಕಿಲೋಮೀಟರ್ ಎಣಿಸಿದರೆ ಹೆದ್ದಾರಿ ಬದಿಯಲ್ಲಿ ಒಂದು ಗ್ಯಾರೇಜು ಸಿಗುತ್ತದೆ. ಷಡ್ಡಕರು ಕಾಫಿ ಲೋಟದೊಳಗೆ ನೋಡುತ್ತಾ, ‘ಅವನೇನೂ ಮಾಡಲಿಲ್ಲ ಮಾರಾಯ್ರೇ, ಒಂದು ಬಟನ್ ಒತ್ತಿದ ಅಷ್ಟೆ. ಐನೂರು ತಗೊಂಡ’ ಎಂದರು.

ಆ ಒಂದು ಬಟನ್ನೇ ನನ್ನ ಸಂಕಟ. ಕೋಡು ಹೋದರೆ ನನಗೆ ದುಃಖವಿಲ್ಲ, ಅದು ಇನ್ನೊಮ್ಮೆ ಬಂದೀತು. ಅದರ ಜೊತೆ ಫ್ರೀಜ್ ಫ್ರೇಮ್ ಹೋಗುತ್ತದೆ. ದೋಷ ದಾಖಲಾದ ಆ ಗಳಿಗೆಯಲ್ಲಿ ಎಂಜಿನ್ ಎಷ್ಟು ಸುತ್ತುತ್ತಿತ್ತು, ಎಷ್ಟು ಬಿಸಿಯಿತ್ತು, ಎಷ್ಟು ಹೊರೆ ಎಳೆಯುತ್ತಿತ್ತು, ಕಾರಿನ ವೇಗ ಎಷ್ಟಿತ್ತು ಎಂಬ ಒಂದೇ ಒಂದು ಚಿತ್ರವನ್ನು ಇಸಿಯು ತೆಗೆದಿಟ್ಟುಕೊಂಡಿರುತ್ತದೆ. ಪೊಲೀಸರು ಬಂದು ಮಹಜರು ಮಾಡುವ ಮೊದಲೇ ಮನೆಯವರು ನೆಲ ಒರೆಸಿ ರಂಗೋಲಿ ಹಾಕಿದರೆ ಹೇಗಿರುತ್ತದೋ, ಕೋಡ್ ಅಳಿಸಿದ ಕಾರು ನನಗೆ ಹಾಗೆ ಕಾಣುತ್ತದೆ. ಎಷ್ಟೋ ಜನ ಮೆಕ್ಯಾನಿಕ್ಕುಗಳು ನನ್ನದಕ್ಕಿಂತ ಹತ್ತು ಪಟ್ಟು ಬೆಲೆಯ ಸ್ಕ್ಯಾನರ್ ಇಟ್ಟುಕೊಂಡು ಈ ಪುಟವನ್ನು ಒಮ್ಮೆಯೂ ತೆರೆಯುವುದಿಲ್ಲ. ಅವರ ಬೆರಳು ನೇರ ‘ಕ್ಲಿಯರ್’ ಮೇಲೆ ಹೋಗುತ್ತದೆ.

ಷಡ್ಡಕರಿಗೆ, ಕಾರು ಓಡಿಸಿ, ಲೈಟ್ ಬಂದ ಮೇಲೆ ಯಾರಿಗೂ ಮುಟ್ಟಲು ಬಿಡದೆ ತನ್ನಿ ಎಂದು ಹೇಳಿ ಕಳಿಸಿದೆ. ಮುಂದಿನ ಘಾಟಿ ಪ್ರಯಾಣಕ್ಕೇ ಬಂತು. ಪಿ0299, ಅಂದರೆ ಟರ್ಬೊ ಕೊಡಬೇಕಾದಷ್ಟು ಒತ್ತಡ ಕೊಡುತ್ತಿಲ್ಲ. ಇಷ್ಟನ್ನೇ ಓದಿದವರು ‘ಟರ್ಬೊ ಹೋಗಿದೆ’ ಎಂದು ಷರಾ ಬರೆಯುತ್ತಾರೆ. ನಾನು ಫ್ರೀಜ್ ಫ್ರೇಮ್ ತೆರೆದೆ. 2,200 ಸುತ್ತು, ಹೊರೆ ಶೇಕಡಾ 96, ವೇಗ ಗಂಟೆಗೆ 47 ಕಿ.ಮೀ., ನೀರಿನ ಬಿಸಿ 91 ಡಿಗ್ರಿ. ಓದುತ್ತಿದ್ದಂತೆ ರಸ್ತೆಯೇ ಕಣ್ಣಿಗೆ ಬಂತು. ಮೂರನೇ ಗೇರು, ಏರು, ಕಾಲು ಪೂರ್ತಿ ಕೆಳಗೆ. ಸಮತಟ್ಟಿನಲ್ಲಿ ಈ ದೋಷ ಇಲ್ಲ, ಒತ್ತಡ ಏರಿದಾಗ ಮಾತ್ರ ಉಂಟು. ಹಾಗಾದರೆ ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡುವ ಒಂದು ಸೀಳು ಎಲ್ಲೋ ಇರಲೇಬೇಕು.

ಇತ್ತು. ಇಂಟರ್‌ಕೂಲರಿನಿಂದ ಬರುವ ರಬ್ಬರ್ ಹೋಸಿನ ಕೆಳಮೈಯಲ್ಲಿ, ಕ್ಲಿಪ್ಪಿನ ಅಂಚಿಗೆ ತಾಗಿಕೊಂಡು, ಉಗುರಿನಷ್ಟುದ್ದ. ಮೇಲಿನಿಂದ ನೋಡಿದರೆ ಏನೇನೂ ಕಾಣುವುದಿಲ್ಲ. ಅದರ ಸುತ್ತ ಮಾತ್ರ ಎಣ್ಣೆಯ ಮಸಿ ಹಿಡಿದ ಧೂಳು ಬೀಸಣಿಗೆಯಾಕಾರದಲ್ಲಿ ಅಂಟಿಕೊಂಡಿತ್ತು. ಟರ್ಬೊದಿಂದ ಬರುವ ಗಾಳಿಯಲ್ಲಿ ಒಂದಿಷ್ಟು ಎಣ್ಣೆಯ ಮಂಜು ಇದ್ದೇ ಇರುತ್ತದೆ, ಅದು ಸೀಳಿನಿಂದ ಚಿಮ್ಮಿ ಬರೆದ ಗುರುತು ಅದು. ಹೋಸನ್ನು ಎರಡು ಬೆರಳಲ್ಲಿ ಹಿಂಡಿದೆ, ಸೀಳು ತುಟಿ ತೆರೆಯಿತು. ಹೊಸ ಹೋಸ್ ಹಾಕಿ ಕಳಿಸಿದೆ. ಗ್ಯಾರೇಜಿನವನು ಟರ್ಬೊ ಬದಲಾವಣೆಗೆ ಹೇಳಿದ್ದ ಮೊತ್ತವನ್ನು ಷಡ್ಡಕರು ಅಂದು ಊಟದ ಹೊತ್ತಿಗೆ ಬಾಯಿಬಿಟ್ಟರು. ಕೇಳಿ ನನಗೆ ಅನ್ನ ಇಳಿಯಲಿಲ್ಲ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪಂಥದವರು ಕೋಡ್ ಮಾತ್ರ ಓದುವ ಈ ಮೆಕ್ಯಾನಿಕ್ಕುಗಳು. ಪಿ0101 ಬಂದರೆ ಗಾಳಿ ಅಳೆಯುವ ಸೆನ್ಸರ್ ಬದಲಿಸುತ್ತಾರೆ. ಏರ್ ಫಿಲ್ಟರ್ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡುವುದಿಲ್ಲ. ಕೆಲವು ಜರ್ಮನ್ ಡೀಸೆಲ್ ಕಾರುಗಳಲ್ಲಿ ಗ್ಲೋ ಪ್ಲಗ್ಗಿನ ಸುರುಳಿ ಚಿತ್ರ ಮಿಣುಕತೊಡಗಿದರೆ ನಾಲ್ಕೂ ಗ್ಲೋ ಪ್ಲಗ್ ಕಳಚುತ್ತಾರೆ. ಅಲ್ಲಿ ಕೆಟ್ಟಿರುವುದು ಬ್ರೇಕ್ ಪೆಡಲಿನ ಪುಟ್ಟ ಸ್ವಿಚ್ಚೂ ಆಗಿರಬಹುದು. ಪಿ0087 ಬಂದರಂತೂ, ಅಂದರೆ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ‘ರೈಲ್’ ಎಂಬ ಕೊಳವೆಯಲ್ಲಿ ಒತ್ತಡ ಸಾಲುತ್ತಿಲ್ಲ ಎಂದಾದರೆ, ನೇರ ಹೈ ಪ್ರೆಶರ್ ಪಂಪಿಗೆ ಮರಣದಂಡನೆ. ಈ ಕೋಡು ಬಂದಾಗ ನನಗೆ ಮಾತ್ರ ಖುಷಿ, ಯಾಕೆಂದರೆ ಮೆಡಿಕಲ್ ಶಾಪಿಗೆ ಹೋಗುವ ಯೋಗ ಕೂಡಿ ಬರುತ್ತದೆ.

ನಾಲ್ಕು ಡ್ರಿಪ್ ಟ್ಯೂಬು, 20 ಮಿ.ಲೀ.ನ ನಾಲ್ಕು ಸಿರಿಂಜು. ಅಂಗಡಿಯವನು ಒಂದು ಸಲ ‘ಯಾರಿಗೆ ಹುಷಾರಿಲ್ಲ ಸಾರ್?’ ಎಂದು ಕಳಕಳಿಯಿಂದ ಕೇಳಿದ್ದ. ಕಾರಿಗೆ ಎಂದೆ. ಅಂದಿನಿಂದ ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲಿಡುತ್ತಾನೆ. ಪ್ರತಿ ಇಂಜೆಕ್ಟರಿನ ತಲೆಯಿಂದ ಉಳಿಕೆ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗಲು ಒಂದು ಸಣ್ಣ ಕೊಳವೆ ಇರುತ್ತದೆ. ಅದನ್ನು ಬಿಡಿಸಿ ಅಲ್ಲಿ ಡ್ರಿಪ್ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಪಿಸ್ಟನ್ ಕಿತ್ತ ಸಿರಿಂಜಿಗೆ ಬಿಟ್ಟು, ನಾಲ್ಕನ್ನೂ ಬಾನೆಟ್ಟಿನ ಅಂಚಿಗೆ ಸಾಲಾಗಿ ಕಟ್ಟುತ್ತೇನೆ. ಕಾರಿನ ಕಡೆಯ ವಾಪಸು ಕೊಳವೆಯ ಬಾಯಿ ಮುಚ್ಚುವುದನ್ನು ಮರೆಯಬಾರದು. ಎಂಜಿನ್ ಐಡಲಿನಲ್ಲಿ ಓಡಲಿ. ಮೂರು ಸಿರಿಂಜು ಒಂದೇ ಮಟ್ಟದಲ್ಲಿ ನಿಧಾನವಾಗಿ ಏರುತ್ತವೆ, ನಾಲ್ಕನೆಯದು ಅವುಗಳ ಎರಡು ಪಟ್ಟು ತುಂಬಿ ತುಳುಕುತ್ತದೆ. ಕಳ್ಳ ಸಿಕ್ಕ. ಪಂಪು ಪಾಪ ಒತ್ತಿ ಒತ್ತಿ ಕಳಿಸುತ್ತಿದೆ, ಈ ಇಂಜೆಕ್ಟರು ಸಿಲಿಂಡರಿಗೆ ಕೊಡದೆ ಟ್ಯಾಂಕಿಗೆ ವಾಪಸ್ ಸುರಿಯುತ್ತಿದೆ. ಸ್ಟಾರ್ಟ್ ಆಗಲು ರೈಲಿನಲ್ಲಿ ಸುಮಾರು 200 ಬಾರ್ ಒತ್ತಡ ಬೇಕು, ಬಿಸಿಯಾಗಿ ತೆಳ್ಳಗಾದ ಡೀಸೆಲ್ ಇನ್ನೂ ಬೇಗ ಸೋರುತ್ತದೆ. ಬೆಳಿಗ್ಗೆ ಒಂದೇ ಏಟಿಗೆ ಸ್ಟಾರ್ಟ್ ಆಗುವ ಕಾರು ಹೋಟೆಲ್ ಮುಂದೆ ತಿಂಡಿಗೆ ನಿಲ್ಲಿಸಿದ ಮೇಲೆ ಯಾಕೆ ಮುನಿಸಿಕೊಳ್ಳುತ್ತದೆ ಅನ್ನುವುದು ಇಲ್ಲೇ ಇದೆ. ಇಡೀ ಪರೀಕ್ಷೆಯ ಖರ್ಚು ಎರಡು ಮಸಾಲೆ ದೋಸೆ ದಾಟುವುದಿಲ್ಲ.

ಇಷ್ಟರ ತನಕ ನಗುತ್ತಲೇ ಹೇಳಬಲ್ಲೆ. ಇಜಿಆರ್ ಮುಚ್ಚುವವರ ವಿಷಯ ಬಂದರೆ ನಗು ನಿಲ್ಲುತ್ತದೆ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕುಡಿಸಿ ಉರಿಯ ತಾಪ ತಗ್ಗಿಸಿ ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡುವ ವಾಲ್ವು ಅದು. ಮಸಿ ಕಟ್ಟುತ್ತದೆ, ನಿಜ. ಊರೊಳಗೇ ಸುತ್ತುವ ಕಾರಿನಲ್ಲಿ ಮಸಿಯೂ ಎಣ್ಣೆಯೂ ಸೇರಿ ಡಾಂಬರಾಗುತ್ತದೆ, ಅದೂ ನಿಜ. ಬಿಚ್ಚಿ ತೊಳೆಯಿರಿ! ಒಂದು ಮಧ್ಯಾಹ್ನದ ಕೆಲಸ. ಇವರು ತಗಡಿನ ತುಂಡು ಕತ್ತರಿಸಿ ಅಡ್ಡ ಇಟ್ಟು ಬೋಲ್ಟ್ ಬಿಗಿಯುತ್ತಾರೆ. ವಾಲ್ವ್ ತೆರೆದರೂ ಒಳಬರುವ ಗಾಳಿಯ ಲೆಕ್ಕ ಬದಲಾಗದ್ದನ್ನು ಕಂಡು ಇಸಿಯು ಪಿ0401 ಎಂದು ಲೈಟ್ ಹಚ್ಚುತ್ತದೆ. ಆಗ ಇಸಿಯುವಿನ ಸಾಫ್ಟ್‌ವೇರ್ ತಿದ್ದಿ ‘ಮ್ಯಾಪ್’ ಮಾಡುವವನ ಬಳಿ ಹೋಗಿ ಆ ಕೋಡನ್ನೇ ಬಾರದಂತೆ ಮಾಡಿಸುತ್ತಾರೆ. ಅಷ್ಟಕ್ಕೂ ದುಡ್ಡಿಲ್ಲದವರು ಲೈಟಿನ ಬಲ್ಬನ್ನೇ ಕಿತ್ತು ಕಾರನ್ನು ಮಾರಿಬಿಡುತ್ತಾರೆ. ಹೊಗೆ ತಪಾಸಣೆಯ ಸರ್ಟಿಫಿಕೇಟೂ ಸಿಗುತ್ತದೆ, ಆ ಕೇಂದ್ರದಲ್ಲಿ ನೋಡುವುದು ಹೊಗೆಯ ಕಪ್ಪನ್ನು, ಇಸಿಯುವಿನ ಮಾತನ್ನಲ್ಲ. ಕೀ ತಿರುಗಿಸಿ, ಸ್ಟಾರ್ಟ್ ಮಾಡುವ ಮುಂಚೆ ಆ ಹಳದಿ ಚಿತ್ರ ಒಮ್ಮೆ ಬೆಳಗಲೇಬೇಕು. ಬೆಳಗದ ಹಳೇ ಕಾರಿಗೆ ಅಡ್ವಾನ್ಸ್ ಕೊಟ್ಟು ಬಂದು, ‘ಎಂಜಿನ್ ಲೈಟ್ ಬರೋದೇ ಇಲ್ಲ, ಅಷ್ಟು ಕಂಡೀಷನ್’ ಎಂದು ಹಿಗ್ಗುವವರನ್ನು ಕಂಡಿದ್ದೇನೆ.

ಹಳೇ ಮೇಸ್ತ್ರಿಗಳಿಗೆ ಬಯ್ಯಲು ಮಾತ್ರ ನನಗೆ ಮನಸ್ಸು ಬರುವುದಿಲ್ಲ. ಅವರು ಕಿವಿಯಿಂದ ದುಡಿದವರು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆ ತಯಾರಿಸಿದ ಪಂಪು, ನಾಝಲ್ಲುಗಳ ಮೇಲೆ ಈ ದೇಶದ ಲಾರಿ, ಟ್ರ್ಯಾಕ್ಟರುಗಳು ಓಡಿದ ಕಾಲ ಅದು. 1951ರಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು, ಮೇಸ್ತ್ರಿಗಳ ಬಾಯಲ್ಲಿ ಅದು ಈಗಲೂ ಮೈಕೋ. ಎಂಜಿನ್ ಮಿಸ್ ಹೊಡೆದರೆ ಅವರು ಅದು ಓಡುತ್ತಿರುವಾಗಲೇ ಒಂದೊಂದು ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸುತ್ತಿದ್ದರು. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗಲಿಲ್ಲವೋ ಆ ಸಿಲಿಂಡರು ಸತ್ತಿದೆ ಎಂದು ಅರ್ಥ. ಚೆಂದದ ಉಪಾಯ, ಅದನ್ನು ಕಾಮನ್ ರೈಲ್ ಎಂಜಿನ್ನಿಗೆ ಮಾಡಲು ಹೋಗಬಾರದು. ಕಾರುಗಳ ಮಟ್ಟಿಗೆ 1997ರಲ್ಲಿ ಇಟಲಿಯ ಆಲ್ಫಾ ರೋಮಿಯೋ 156ರಲ್ಲಿ ಮೊದಲಿಗೆ ಬಂದ ಈ ಪದ್ಧತಿಯಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಷಡ್ಡಕರ ಎಂಜಿನ್ನಿನಲ್ಲಿ 1,600ರವರೆಗೆ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಆಸ್ಪತ್ರೆಗೆ ಓಡಬೇಕು.

ಕಿವಿ ಬೇಡವಾದ ಕಾಲಕ್ಕೆ ನನ್ನ ಪಾಲಿಗೆ ಉಳಿದದ್ದು ಅಂಕಿ ನೋಡುವ ಹುಚ್ಚು. ಅದರಲ್ಲೂ ಒಂದು ಅಂಕಿ ನನಗೆ ಪ್ರಾಣ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಇನ್‌ಟೇಕ್ ಒತ್ತಡದ ಸೆನ್ಸರ್ ಏನು ಹೇಳುತ್ತದೆ ನೋಡಿ. ಆಗ ಅದು ಆ ಊರಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಬೆಂಗಳೂರಿನಲ್ಲಿ 91 ಕಿಲೋಪಾಸ್ಕಲ್, ಮಡಿಕೇರಿಯಲ್ಲಿ 88ರ ಸುಮಾರು, ಮಂಗಳೂರಿನಲ್ಲಿ 101. ಹೊಂದದಿದ್ದರೆ ಸೆನ್ಸರಿನ ಮೂಗಿಗೆ ಮಸಿ ಕಟ್ಟಿದೆ ಎಂದು ಗುಮಾನಿ ಪಡಬಹುದು. ಟರ್ಬೊ ಬಗ್ಗೆ ಮಾತೆತ್ತುವ ಮೊದಲು ಮಾಡಬೇಕಾದ, ಕಾಸು ಖರ್ಚಿಲ್ಲದ ಪರೀಕ್ಷೆ ಇದು. ಪರೀಕ್ಷೆಯ ನೆಪ ಇಲ್ಲದಿದ್ದರೂ ಶಿರಾಡಿ ಇಳಿಯುವಾಗ ಅಲ್ಲಲ್ಲಿ ಗಾಡಿ ನಿಲ್ಲಿಸಿ ಕೀ ತಿರುಗಿಸಿ ನೋಡುತ್ತೇನೆ. ತೊಂಬತ್ತರ ಆಸುಪಾಸಿನಲ್ಲಿ ಹೊರಟದ್ದು ಗುಂಡ್ಯದ ಹೊತ್ತಿಗೆ ನೂರನ್ನು ಸಮೀಪಿಸಿರುತ್ತದೆ. ಹೆಂಡತಿ ಜೊತೆಗಿದ್ದರೆ, ಕಿವಿ ಗುಂಯ್ ಅಂದಾಗಲೇ ನಮಗೆ ಗೊತ್ತಾಗಲಿಲ್ಲವೇ ಎನ್ನುತ್ತಾಳೆ.

ಈ ವಿದ್ಯೆಯನ್ನು ಮಂಗಳೂರಿನ ಗೆಳೆಯನೊಬ್ಬನಿಗೆ ಕಲಿಸಿದೆ. ಅವನು ಜೂನ್ ತಿಂಗಳ ಒಂದು ರಾತ್ರಿ ಫೋನ್ ಮಾಡಿ, ನೂರಾ ಒಂದು ಇರಬೇಕಾದದ್ದು ನೂರು ತೋರಿಸುತ್ತಿದೆ, ಸೆನ್ಸರ್ ಕೆಟ್ಟಿದೆ ಅಂದ. ಹೊರಗೆ ಹೇಗಿದೆ ಎಂದು ಕೇಳಿದೆ. ಎರಡು ದಿನದಿಂದ ಬಿಡದೆ ಸುರಿಯುತ್ತಿದೆ, ಮೀನುಗಾರರು ಕಡಲಿಗಿಳಿಯಬಾರದೆಂದು ಎಚ್ಚರಿಕೆ ಕೊಟ್ಟಿದ್ದಾರೆ ಅಂದ. ಬೆಳಗಾಗಲಿ, ಮಳೆ ಬಿಡಲಿ, ಮತ್ತೆ ನೋಡು ಎಂದೆ. ಕೇಳಲಿಲ್ಲ. ಟಾರ್ಚ್ ಹಿಡಿದು ಸೆನ್ಸರ್ ಬಿಚ್ಚಿ, ಕ್ಲೀನರ್ ಸ್ಪ್ರೇ ಹೊಡೆದು, ಒರೆಸಿ, ಒಣಗಿಸಿ, ಮತ್ತೆ ಕೂರಿಸಿ ನೋಡಿದನಂತೆ. ಮತ್ತೂ ನೂರೇ. ವಾಯುಭಾರ ಕುಸಿದಿದ್ದದ್ದು ಅರಬ್ಬೀ ಸಮುದ್ರದಲ್ಲಿ.