ಸಿ.ಇ.ಟಿ.ಗೆ ಹತ್ತೇ ದಿನ: ತಾಯಿ ಏನು ಮಾಡಬಹುದು?

ಮನೆಯಲ್ಲಿ ಪಿ.ಯು.ಸಿ. ವಿಜ್ಞಾನ ಓದಿದ ಮಗನೋ ಮಗಳೋ ಇದ್ದರೆ, ಏಪ್ರಿಲ್ ಬಂತೆಂದರೆ ಸಾಕು, ತಾಯಂದಿರ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತದೆ. ಅಲ್ಲವೇ? "ನಮಗೇನು ಬರ್ತದ ಗಣಿತ? ಚಹಾ ಮಾಡಿ ಕೊಡಬಹುದು, ದೇವರಿಗೆ ಕೈ ಮುಗೀಬಹುದು, ಅಷ್ಟೇ" ಎಂದು ಸುಮ್ಮನಾಗುವವರೇ ಹೆಚ್ಚು. ನಾನು ಯಾದಗಿರಿ ತಾಲ್ಲೂಕಿನ ರಾಮಸಮುದ್ರದವಳು. ಓದಿದ್ದು ಏಳನೆಯ ತರಗತಿ. ಆದರೂ ಸೋದರಿಯರೇ, ಕೊನೆಯ ಹತ್ತು ದಿನಗಳಲ್ಲಿ ತಾಯಿಗೆ ಕೈತುಂಬ ಕೆಲಸವಿದೆ ಎಂದು ಅನುಭವದಿಂದಲೇ ಹೇಳುತ್ತೇನೆ.

ಮೊದಲು ಈ ಪರೀಕ್ಷೆ ಎಂಥದ್ದು ತಿಳಿದುಕೊಳ್ಳಿ. ನಮ್ಮ ರಾಜ್ಯದಲ್ಲಿ ಸಿ.ಇ.ಟಿ. ಶುರುವಾದದ್ದು 1994ರಲ್ಲಿ. ಅದಕ್ಕೂ ಮೊದಲು ಎಂಜಿನಿಯರಿಂಗ್ ಸೀಟೆಂದರೆ ಡೊನೇಷನ್ನಿನ ಮಾತೇ ಮುಂದೆ ಬರುತ್ತಿತ್ತು. ಅದನ್ನು ತಡೆಯಲು 1984ರಲ್ಲೇ ಕಾನೂನು ಮಾಡಬೇಕಾಯಿತು. ಹಳ್ಳಿಯ ಹುಡುಗಿಯೂ ಪೇಟೆಯ ಹುಡುಗನೂ ಒಂದೇ ಪ್ರಶ್ನೆಪತ್ರಿಕೆಗೆ ಕೂಡುವಂತಾದದ್ದು ಸಣ್ಣ ಮಾತಲ್ಲ.

ಎಂಜಿನಿಯರಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಮೂರೇ ವಿಷಯ. ಒಂದೊಂದಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಜೆ.ಇ.ಇ.ಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಇಲ್ಲಿ ಕಳೆಯುವುದಿಲ್ಲ. ಇನ್ನೊಂದು ಸಮಾಧಾನದ ಮಾತು: ರ‍್ಯಾಂಕಿನಲ್ಲಿ ಅರ್ಧ ಪಾಲು ಪಿ.ಯು.ಸಿ.ಯ ಈ ಮೂರು ವಿಷಯಗಳ ಅಂಕದ್ದು. ಅಂದರೆ ನಿಮ್ಮ ಮಗು ಅರ್ಧ ಹೊಳೆ ಆಗಲೇ ದಾಟಿದೆ. ಇದನ್ನು ಅದಕ್ಕೆ ನೆನಪು ಮಾಡಿ ಕೊಡಿ.

ನನ್ನ ಹಿರಿಯ ಮಗಳು ಪರೀಕ್ಷೆ ಬರೆದ ವರ್ಷ ಅವಳ ಗೆಳತಿಯರು ಕೆಲವರು ಕೋಚಿಂಗಿಗೆಂದು ಊರು ಬಿಟ್ಟು ಹೋದರು. ನಮ್ಮಿಂದ ಅದು ಆಗಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಅವುಗಳ ಕೀ ಉತ್ತರಗಳನ್ನೂ ಯಾದಗಿರಿಯ ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿಕೊಂಡು ಬಂದೆವು. ದಿನಾ ಬೆಳಿಗ್ಗೆ ಹತ್ತೂವರೆಗೆ ನಾನು ಗಡಿಯಾರ ಹಿಡಿದು ಕೂಡುತ್ತಿದ್ದೆ. 80 ನಿಮಿಷ ಆದ ಕೂಡಲೆ ಪತ್ರಿಕೆ ಕಸಿದುಕೊಳ್ಳುವುದು, ಆಮೇಲೆ ಕೀ ಇಟ್ಟುಕೊಂಡು ನಾನೇ ತಿದ್ದುವುದು. ಗಣಿತ ಬರಬೇಕಾಗಿಲ್ಲ ನೋಡಿ. ಎ, ಬಿ, ಸಿ, ಡಿ ಗುರುತು ಹಿಡಿಯಲು ಬಂದರೆ ಸಾಕು!

ಹಾಗೆ ತಿದ್ದುವಾಗ ನನಗೊಂದು ಸಂಗತಿ ಕಣ್ಣಿಗೆ ಬಿತ್ತು. ತಪ್ಪಿಗಿಂತ ಖಾಲಿ ಬಿಟ್ಟವೇ ಹೆಚ್ಚು.

"ಯಾಕ ತಂಗಿ, ಇಷ್ಟು ಬಿಟ್ಟಿ?" ಎಂದೆ.

"ಟೈಮ್ ಸಾಲಲಿಲ್ಲಬೇ ಯವ್ವಾ. ಒಂದು ಲೆಕ್ಕ ಬರಲೇ ಇಲ್ಲ, ಅದನ್ನೇ ಹಿಡಕೊಂಡು ಕುಂತೆ."

"ರೊಟ್ಟಿ ಬಡಿಯೂವಾಗ ಒಂದು ಹರಿದ್ರ ಅದನ್ನೇ ನೋಡಕೋತ ಕೂಡ್ತೀಯೇನು? ಹಂಚು ಕಾದದ. ಮುಂದಿನ ಉಂಡಿ ತಗೋ."

ಅವಳು ನಕ್ಕಳು. ಆದರೆ ಮರುದಿನದಿಂದ ಬಾರದ ಲೆಕ್ಕ ಬಿಟ್ಟು ಮುಂದೆ ಹೋಗುವುದನ್ನು ರೂಢಿ ಮಾಡಿಕೊಂಡಳು. ಕೊನೆಯ ಹತ್ತು ನಿಮಿಷ ಖಾಲಿ ಉಳಿದವಕ್ಕೆಂದೇ ಇಟ್ಟುಕೊಂಡಳು. ತಪ್ಪಿಗೆ ಅಂಕ ಕಳೆಯದ ಪರೀಕ್ಷೆಯಲ್ಲಿ ಒಂದನ್ನೂ ಖಾಲಿ ಬಿಡಬಾರದಲ್ಲವೇ? ಉತ್ತರದ ಹಾಳೆಯಲ್ಲಿ ಬಾಲ್ ಪೆನ್ನಿನಿಂದ ಗುಂಡು ತುಂಬಿದರೆ ಮತ್ತೆ ಅಳಿಸಲು ಬರುವುದಿಲ್ಲ. ಆದ್ದರಿಂದ ಮನೆಯಲ್ಲೇ ಅದನ್ನೂ ಅಭ್ಯಾಸ ಮಾಡಿಸಿ. ಹೊಸ ಪಾಠ ಮಾತ್ರ ಈ ಹತ್ತು ದಿನಗಳಲ್ಲಿ ಬೇಡವೇ ಬೇಡ. ಓದಿದ್ದನ್ನೇ ತಿರುವಿ ಹಾಕಲಿ, ಸೂತ್ರಗಳ ವಹಿ ಕೈಯಲ್ಲಿರಲಿ.

ನಮ್ಮ ಕಡೆ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ, 40 ಡಿಗ್ರಿ ದಾಟುತ್ತದೆ. ಓದನ್ನು ನಸುಕಿಗೂ ಸಂಜೆಗೂ ಹಂಚಿ. ರಾತ್ರಿ ಮಾಳಿಗೆಯ ಮೇಲೆ ಗಾಳಿಗೆ ಮಲಗಲಿ, ಆರೇಳು ತಾಸು ನಿದ್ದೆ ಬೇಕೇ ಬೇಕು. ಮಧ್ಯಾಹ್ನಕ್ಕೆ ಜೋಳದ ಅಂಬಲಿಗಿಂತ ತಂಪು ಇನ್ನೊಂದಿಲ್ಲ. ಎರಡು ಚಮಚ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಎರಡು ಲೋಟ ಕುದಿಯುವ ನೀರಿಗೆ ಹಾಕಿ, ಕೈಯಾಡಿಸುತ್ತ ಬೇಯಿಸಿ. ಆರಿದ ಮೇಲೆ ಮಜ್ಜಿಗೆ, ಉಪ್ಪು, ಜಜ್ಜಿದ ಜೀರಿಗೆ, ಒಂದೆಸಳು ಬೆಳ್ಳುಳ್ಳಿ ಬೆರೆಸಿ ಕೊಡಿ. ಪೇಟೆಯ ಕರಿದ ತಿಂಡಿ ಪರೀಕ್ಷೆ ಮುಗಿಯುವವರೆಗೆ ದೂರವಿರಲಿ.

ಕಾಗದಪತ್ರದ ಜವಾಬ್ದಾರಿಯನ್ನೂ ನೀವೇ ಹೊತ್ತುಕೊಳ್ಳಿ. ಹಾಲ್ ಟಿಕೆಟ್ ಎರಡು ಪ್ರತಿ, ಗುರುತಿನ ಚೀಟಿ, ಎರಡು ಪೆನ್ನು ಒಂದು ಚೀಲದಲ್ಲಿರಲಿ. ಕೈಗಡಿಯಾರ, ಮೊಬೈಲ್, ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ. ಇನ್ನೊಂದು ಚೀಲದಲ್ಲಿ, ಮುಂದೆ ಸೀಟಿನ ವೇಳೆಗೆ ಬೇಕಾಗುವ ಸರ್ಟಿಫಿಕೇಟುಗಳು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಇದೆ. 2013ರಿಂದ ಸಂವಿಧಾನದ 371 (ಜೆ) ಕಲಮಿನಡಿ ನಮ್ಮ ಭಾಗದ ಮಕ್ಕಳಿಗೆ ಇಲ್ಲಿಯ ಕಾಲೇಜುಗಳಲ್ಲಿ ಶೇಕಡಾ 70, ರಾಜ್ಯದ ಉಳಿದ ಕಡೆ ಶೇಕಡಾ 8 ಸೀಟು ಮೀಸಲು. ಇದಕ್ಕೆ ಅಸಿಸ್ಟೆಂಟ್ ಕಮಿಷನರ್ ಕಚೇರಿಯ ಪ್ರಮಾಣಪತ್ರ ಬೇಕು. ಇವೆಲ್ಲದರ ಓಡಾಟ ಅರ್ಜಿ ಹಾಕುವ ಕಾಲಕ್ಕೇ ಮುಗಿದಿರಲಿ. ಕೊನೆಯ ವಾರ ಮಗುವನ್ನು ಕಚೇರಿಗೆ ಅಲೆಸಬೇಡಿ.

ಇನ್ನು ಎಲ್ಲಕ್ಕಿಂತ ದೊಡ್ಡ ಮಾತು. ಸಿ.ಇ.ಟಿ. ಕೆಟ್ಟರೆ ಗಂಡುಮಗನಿಗೆ ಇನ್ನೊಂದು ವರ್ಷ, ಹೆಣ್ಣುಮಗಳಿಗೆ ಇನ್ನೊಂದು ಮನೆ. ನಮ್ಮಲ್ಲಿ ನಡೆದುಕೊಂಡು ಬಂದದ್ದು ಹೀಗೆ. ಪರೀಕ್ಷೆಗೆ ಎಂಟು ದಿನ ಇರುವಾಗ ನನ್ನ ಅಣ್ಣ ಒಂದು ಸಂಬಂಧ ಹಿಡಿದುಕೊಂಡೇ ಬಂದ. "ಹುಡುಗ ಚಲೋ ಅದಾನ ತಂಗಿ, ನೌಕರಿ ಅದ. ಪೋರಿಗಿ ಹದಿನೆಂಟು ತುಂಬ್ಯಾವ. ಇನ್ನೆಷ್ಟು ಓದಸ್ತಿ?" ಒಳಕೋಣೆಯಲ್ಲಿ ಓದುವ ದನಿ ನಿಂತೇ ಹೋಯಿತು.

"ಅಣ್ಣಾ, ಬಂದೀ, ಉಂಡು ಹೋಗು. ಆ ಮಾತು ಮಾತ್ರ ಈ ವರ್ಷ ಈ ಹೊಸ್ತಿಲ ಒಳಗ ಬ್ಯಾಡ" ಎಂದೆ. ಅಣ್ಣ ಮುಖ ಸಣ್ಣದು ಮಾಡಿಕೊಂಡು ಉಂಡು ಹೋದ. ಆ ರಾತ್ರಿ ಯಜಮಾನರ ಜೊತೆ ಕೂತು ಮಾತಾಡಿ, ಇಬ್ಬರೂ ಮಗಳನ್ನು ಕರೆದು ಹೇಳಿದೆವು: "ರ‍್ಯಾಂಕ್ ಎಷ್ಟರೇ ಬರಲಿ, ನಿನ್ನ ಓದು ನಿಲ್ಲಂಗಿಲ್ಲ. ಸೀಟು ಬರಲಿಲ್ಲಂದ್ರ ಬಿ.ಎಸ್‌ಸಿ. ಅದ, ಮುಂದಿನ ವರ್ಷ ಮತ್ತ ಸಿ.ಇ.ಟಿ. ಅದ." ಅವತ್ತು ಅವಳು ಎಷ್ಟೋ ದಿನಗಳ ಮೇಲೆ ಮಲಗಿದ ಕೂಡಲೆ ನಿದ್ದೆ ಹೋದಳು. ಯಾವ ಕೋಚಿಂಗೂ ಕೊಡಲಾರದ್ದನ್ನು ಆ ಒಂದು ಮಾತು ಕೊಟ್ಟಿತೆಂದು ನನಗನ್ನಿಸುತ್ತದೆ. ಮದುವೆಯ ಭಯದಲ್ಲಿ ಬರೆಯುವ ಕೈ ನಡುಗದೆ ಇರುತ್ತದೆಯೇ, ನೀವೇ ಹೇಳಿ.

ಅವಳ ರ‍್ಯಾಂಕು ಪೇಪರಿನಲ್ಲಿ ಫೋಟೋ ಹಾಕಿಸುವಂಥದ್ದೇನೂ ಆಗಿರಲಿಲ್ಲ. ಆದರೆ ಕಲಬುರಗಿಯಲ್ಲಿ ಒಂದು ಸೀಟಿಗೆ ಸಾಕಾಯಿತು. ಈಗ ಅಲ್ಲಿ ಓದುತ್ತಿದ್ದಾಳೆ.

ಮೊದಲ ದಿನದ ಪರೀಕ್ಷೆ ಬರೆದು ಮಗು ಮನೆಗೆ ಬಂದಾಗ "ಎಷ್ಟು ಸರಿ ಆದವು?" ಎಂದು ದಯವಿಟ್ಟು ಕೇಳಬೇಡಿ. ಕೀ ಉತ್ತರ ಹೊರಗೆ ಬಂದಾಗ ಅದೇ ನೋಡಿಕೊಳ್ಳುತ್ತದೆ. ಮರುದಿನದ್ದು ಇನ್ನೂ ಬಾಕಿ ಇದೆ. ಕೈಕಾಲಿಗೆ ನೀರು ಕೊಡಿ, ಬಿಸಿ ರೊಟ್ಟಿ ಹಾಕಿ, ಹೊತ್ತಿಗೆ ಮುಂಚೆ ದೀಪ ಆರಿಸಿ.